ನಾಟಿಗೆ ಮುಂಚೆ ತೆಗೆಯುವ ಹೂಳು

ಭೇರ್ಯ
8-7-2024

ಭಾಗಿ,

ನಿಮ್ಮವ್ವನ್ನ ಬೈಬ್ಯಾಡ. ಪಾಪ, ಮೂರು ದಿನ ಬಾಯಲ್ಲೇ ಇಟ್ಕೊಂಡಿದ್ದಳು. ನಾಲ್ಕನೇ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. "ಏನಮ್ಮಿ ಸಣ್ಣತಾಯಿ, ಸಮುದ್ರನೇ ತಂದು ಬೇಯ್ಸಿದ್ದೀಯಲ್ಲ" ಅಂದೆ. ಅಷ್ಟಕ್ಕೇ ಕಣ್ಣೀರು ಹಾಕ್ಕೊಂಡು ಎಲ್ಲಾನೂ ಹೇಳಿಬಿಟ್ಟಳು.

ನಿಂಗೆ ಮತ್ತೆ ಒಂದೂವರೆ ತಿಂಗಳಂತೆ. ಐದು ತಿಂಗಳು ತುಂಬೋವರೆಗೂ ಯಾರಿಗೂ ಹೇಳಕೂಡದು ಅಂತ ನಿಮ್ಮತ್ತೆ ಹೇಳವರಂತೆ. ಆಸ್ಪತ್ರೆಗೂ ಹೋಗಕೂಡದಂತೆ. ಹೋದರೆ ಹೆಸರು ಬರ್ಕೋತಾರೆ, ಬರ್ಕೊಂಡರೆ ಊರಿಗೆಲ್ಲಾ ಗೊತ್ತಾಗ್ತದೆ, ಹೋದ ಸಲದಂಗೇ ಕಣ್ಣು ಬೀಳ್ತದೆ ಅಂತ. ನಾನು ಯಾರಿಗೂ ಹೇಳಿಲ್ಲ ಕಣವ್ವ. ಎಮ್ಮೆಗೆ ಹೇಳಿದೆ, ಅದು ಬಾಲ ಆಡಿಸಿ ಸುಮ್ಮನಾಯ್ತು.

ಫೋನ್ ಮಾಡಿದರೆ ನೀನು ಎತ್ತಲ್ಲ. ಹೋದ ಕಾರ್ತೀಕದಿಂದ ಎತ್ತಿಲ್ಲ. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸು ಓದಿದೋನ ಕೈಬರಹ, ಕೋಳಿ ಕೆರೆದಂಗಿದ್ದರೂ ಪೂರ್ತಿ ಓದು.

ಹೋದ ವರ್ಷ ಮೈಸೂರು ಆಸ್ಪತ್ರೇಲಿ ನೀನು ಎಚ್ಚರ ತಪ್ಪಿ ಮಲಗಿದ್ದೆಯಲ್ಲ, ಆಗ ಡಾಕ್ಟ್ರಮ್ಮ ನನ್ನ ಹೊರಗೆ ಬೆಂಚಿನ ಮೇಲೆ ಕೂರಿಸ್ಕೊಂಡರು. "ಏನು ಕೆಲಸ ಮಾಡ್ತೀರಿ?" ಅಂದರು. ನೀರುಗಂಟಿ, ನಾಲೆ ತೂಬು ಎತ್ತಿ ಇಳಿಸಿ ಗದ್ದೆಗದ್ದೆಗೂ ನೀರು ಬಿಡೋದು ನನ್ನ ಕೆಲಸ ಅಂದೆ. "ಹಾಗಾದ್ರೆ ನಿಮಗೆ ಹೇಳೋದು ಸುಲಭ" ಅಂತ ಒಂದು ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದರು. ಆ ಚೀಟಿ ನನ್ನ ಜೋಬಲ್ಲೇ ಅದೆ. ವೋಟರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಲ್ಲಿ ಇಟ್ಟಿದ್ದೀನಿ. ಮುಂದಿನ ಸಲ ಗೊತ್ತಾದ ತಕ್ಷಣ ಕರ್ಕೊಂಡು ಬನ್ನಿ, ಐದನೇ ತಿಂಗಳಿಗೆ ಬಂದರೆ ಬಾಳ ತಡ ಆಗಿರ್ತದೆ ಅಂತ ಅವರು ಹೇಳಿದ್ದರು. ನಿಂಗೆ ತಿಳಿಸೋಣ ಅಂದರೆ ನೀನು ಮಾತೇ ಬಿಟ್ಟಿದ್ದೆ.

ಆ ಡಾಕ್ಟ್ರಮ್ಮ ಸೋಮವಾರ ಸೋಮವಾರ ಹುಣಸೂರಿಗೆ ಬತ್ತಾರೆ. ನಿಮ್ಮೂರಿಂದ ನಿಮ್ಮ ತಾಲೂಕು ಕೋಟೆಗೆ ಬಂದರೆ ಅಲ್ಲಿಂದ ಬಸ್ಸು ಅದೆ. ಯೋಚನೆ ಮಾಡು.

ಇಲ್ಲಿ ನಾಲೆ ಹೂಳು ತೆಗೀತಾ ಇದ್ದೀವಿ. ಇನ್ನೇನು ನೀರು ಬಿಡ್ತಾರೆ.

ನಿಮ್ಮಪ್ಪ
ಮಾದೇವ

*

ಅಂತರಸಂತೆ
19-7-2024

ಅಪ್ಪ,

ಕಾಗದ ಬಂತು. ಮನೆಗೆ ಕಳಿಸದೆ ನಾನು ಕೆಲಸ ಮಾಡುವ ಅಂಗನವಾಡಿ ವಿಳಾಸಕ್ಕೆ ಕಳಿಸಿದ್ದು ಒಳ್ಳೆಯದಾಯಿತು. ಇನ್ನು ಮುಂದೆಯೂ ಅಲ್ಲಿಗೇ ಕಳಿಸು.

ಹೋದ ಸಲ ನಾನು ನಿನಗೆ ಎರಡು ಸಲ ಫೋನ್ ಮಾಡಿದ್ದೆ. ಮೊದಲನೇ ಸಲ, ಕಾಲು ಊದಿಕೊಂಡಿದೆ, ಚಪ್ಪಲಿ ಹಿಡಿಸುತ್ತಿಲ್ಲ ಎಂದೆ. "ಕಾಕನಕೋಟೆ ಸೀಮೆಗೆ ಕೊಟ್ವಲ್ಲ, ಆನೆ ಕಾಲು ಬಂದದೆ ಬುಡವ್ವ" ಎಂದೆ ನೀನು. ಎರಡನೇ ಸಲ ಬೆಳಿಗ್ಗೆ ಎಂಟು ಗಂಟೆ. ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಮಿಂಚು ಮಿಂಚು ಎನ್ನುತ್ತಿದೆ ಎಂದೆ. "ನಿಮ್ಮತ್ತೆಗೆ ಕರೆಂಟ್ ಬಿಲ್ ಉಳೀತು" ಎಂದೆ ನೀನು. ನಾನೂ ನಕ್ಕೆ, ಅಪ್ಪ. ಅಪ್ಪ ತಮಾಷೆ ಮಾಡುತ್ತಿದ್ದಾನೆ ಅಂದರೆ ದೊಡ್ಡದೇನೂ ಇರಲಾರದು ಎಂದುಕೊಂಡು ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದೆ. ಸಂಜೆ ಫಿಟ್ಸ್ ಬಂತು. ಆಮೇಲಿನದು ನಿನಗೇ ಗೊತ್ತು. ನನಗೆ ಗೊತ್ತಿಲ್ಲ. ನಾನು ಮಗುವಿನ ಮುಖವನ್ನೂ ನೋಡಲಿಲ್ಲ.

ಅತ್ತೆಯನ್ನು ಕೆಟ್ಟವರು ಎಂದುಕೊಳ್ಳಬೇಡ. ಅವರಿಗೂ ಭಯ. ಈ ಸಲ ಅವರು ಹೇಳಿದಂತೆ ಇರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಭಾಗ್ಯ

*

ಭೇರ್ಯ
28-7-2024

ಭಾಗಿ,

ನಿನ್ನ ಕಾಗದ ನಿಮ್ಮವ್ವನ ಕೈಗೆ ಕೊಡಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಊಟ ಮಾಡಲಿ ಅಂತ.

ನೀನು ಬರೆದದ್ದೆಲ್ಲಾ ನಿಜ. ಒಂದಕ್ಷರ ಸುಳ್ಳಿಲ್ಲ.

ಆ ಚೀಟಿ ನೋಡಿ ಅದೇ ತರ ಬರೆದು ಇದರ ಜೊತೆ ಇಟ್ಟಿದ್ದೀನಿ. ಮೇಲುಗಡೆ ದಪ್ಪಗೆ ಇರೋದು ನಿನ್ನ ರಕ್ತನಾಳ, ದೊಡ್ಡ ನಾಲೆ. ಕೆಳಗೆ ಸುರುಳಿ ಸುರುಳಿ ಇರೋವು ಗರ್ಭಕೋಶದ ಗೋಡೇಲಿರೋ ಸಣ್ಣ ನಾಳಗಳು, ನಮ್ಮ ಕಿರುಗಾಲುವೆ ಅಂತ ತಿಳ್ಕೋ. ಬಸುರಿ ಆಗೋಕೆ ಮುಂಚೆ ಅವು ದಾರದಷ್ಟು ಸಣ್ಣ. ಮಗೂಗೆ ಅನ್ನ ನೀರು ಕೊಡೋ ಮಾಸು ಬೇರು ಬಿಡ್ತದಲ್ಲ, ಅದೇ ಒಳಕ್ಕೆ ಹೋಗಿ ಆ ಕಾಲುವೆಗಳನ್ನ ಅಗಲ ಮಾಡಬೇಕಂತೆ. ಮೊದಲ ನಾಲ್ಕೈದು ತಿಂಗಳಲ್ಲೇ ಆಗಬೇಕಾದ ಕೆಲಸ. ಅದೇ ಹೂಳು ತೆಗೆಯೋದು. ಶುರೂನಲ್ಲಿ ಮಗು ಹುಣಸೆಬೀಜದಷ್ಟು ಇರ್ತದೆ, ಅದಕ್ಕೆ ನೀರು ಬೇಕಾಗಿರೋದು ಒಂದು ಚಮಚ. ಹೂಳು ಇದ್ದರೂ ಯಾರಿಗೂ ಗೊತ್ತಾಗಲ್ಲ. ಏಳನೇ ತಿಂಗಳಿಗೆ ಮಗು ದೊಡ್ಡದಾಗಿ ನೀರು ನೀರು ಅಂತದೆ. ಕಾಲುವೆ ಸಣ್ಣ. ಆಗ ಒಳಗೆಲ್ಲಾ ಕೆಟ್ಟು, ದೊಡ್ಡ ನಾಲೇಲಿ ಒತ್ತಡ ಏರ್ತದೆ. ನಾಲೆ ಏರಿ ಒಡೆಯೋ ಮುಂಚೆ ಅಲ್ಲಲ್ಲಿ ಜಿನುಗಲ್ವಾ, ಅಂಗೇ ಕಾಲು ಊದೋದು, ತಲೆನೋವು, ಕಣ್ಣಲ್ಲಿ ಮಿಂಚು. ಬಸುರಿ ನಂಜು ಅಂತಾರಲ್ಲ, ಅದು ಇದೇ.

ನಾನು ಡಾಕ್ಟ್ರಮ್ಮನ್ನ ಕೇಳಿದೆ. "ನಮ್ಮುಡುಗಿ ಏನ್ ತಪ್ ಮಾಡಿದ್ಲು ತಾಯಿ? ಪರಂಗಿ ತಿಂದ್ಲಾ, ಭಾರ ಎತ್ತಿದ್ಲಾ?" ಅಂತ. "ಏನೂ ಮಾಡಿಲ್ಲ. ಅವಳಿಗೆ ಬಸುರಿ ಅಂತ ಸರಿಯಾಗಿ ಗೊತ್ತಾಗೋ ಮುಂಚೇನೇ ಒಳಗೆ ಶುರುವಾಗಿತ್ತು" ಅಂದರು. ಕಣ್ಣೂ ಬಿದ್ದಿಲ್ಲ, ಗಾಳಿಯೂ ಸೋಕಿಲ್ಲ.

ಮೊದಲಿಂದು ಯಾರ ಕೈಲೂ ಇರಲಿಲ್ಲ ಭಾಗಿ. ಆ ದಿನ ಬೆಳಿಗ್ಗೆ ಎಂಟು ಗಂಟೇದು ಮಾತ್ರ ನನ್ನ ಕೈಲಿತ್ತು. ಜಿನುಗ್ತಾ ಇರೋ ಏರಿ ಕಂಡರೆ ರಾತ್ರಿ ಹನ್ನೆರಡಕ್ಕೂ ಓಡೋನು ನಾನು. ಮಗಳು ಹೇಳಿದಾಗ ಹಲ್ಲು ಬಿಟ್ಟೆ. ಅದನ್ನ ಯಾವ ಡಾಕ್ಟ್ರೂ ತಪ್ಪಲ್ಲ ಅಂದಿಲ್ಲ, ನಾನೂ ಕೇಳಿಲ್ಲ.

ಒಂದು ಸಲ ಇಂಗಾದೋರಿಗೆ ಮತ್ತೆ ಆಗೋ ಸಂಭವ ಹೆಚ್ಚಂತೆ. ಅದಕ್ಕೆ ಮೂರನೇ ತಿಂಗಳಿಂದ ದಿನಾ ಒಂದು ಸಣ್ಣ ಮಾತ್ರೆ ಕೊಡ್ತಾರಂತೆ. ನಾಟಿ ಆಗಿ ತೆನೆ ಕಟ್ಟೋ ಕಾಲಕ್ಕೆ ಕಾಲುವೆ ಅಗೀತೀನಿ ಅಂದರೆ ಯಾವ ರೈತ ಒಪ್ತಾನೆ? ಐದು ತಿಂಗಳು ಬಚ್ಚಿಡೋದೂ ಅದೇ ಲೆಕ್ಕ.

ನಿಮ್ಮತ್ತೆಗೆ ಕೊಟ್ಟ ಮಾತು ಮುರೀಬ್ಯಾಡ. ನಾನೇ ಒಂದು ಉಪಾಯ ಮಾಡಿದ್ದೀನಿ. ಆಗಸ್ಟ್ ಹನ್ನೊಂದನೇ ತಾರೀಕು ನಾನು ತೂಬಿನ ಮೇಲಿಂದ ಜಾರಿ ಬಿದ್ದು ಕಾಲು ಉಳುಕಿಸ್ಕೊತೀನಿ. ನಿಮ್ಮವ್ವ ಅಳ್ತಾ ನಿಮ್ಮತ್ತೆಗೆ ಫೋನ್ ಮಾಡ್ತಾಳೆ. ಅಳೋದಕ್ಕೆ ಅವಳಿಗೇನು ಟ್ರೈನಿಂಗ್ ಬ್ಯಾಡ. ಹನ್ನೆರಡನೇ ತಾರೀಕು ಸೋಮವಾರ ಹುಣಸೂರು ಆಸ್ಪತ್ರೇಲಿ ತೋರಿಸ್ತಾರೆ, ನೀನು ನೋಡೋಕೆ ಬತ್ತೀಯ. ಅಪ್ಪನ್ನ ನೋಡೋಕೆ ಹೋಗಬ್ಯಾಡ ಅಂತ ಯಾವ ಅತ್ತೆ ಅಂತಾಳೆ?

ಮಾತಾಡಿಸಲೇಬೇಕು ಅಂತಿಲ್ಲ. ಬಂದರೆ ಸಾಕು.

ನಿಮ್ಮಪ್ಪ
ಮಾದೇವ

*

ಅಂತರಸಂತೆ
16-8-2024

ಅಪ್ಪ,

ಸೋಮವಾರ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಬ್ಯಾಂಡೇಜು ಇದ್ದದ್ದು ಎಡಗಾಲಿಗೆ, ನೀನು ಕುಂಟಿದ್ದು ಬಲಗಾಲಲ್ಲಿ. ನಮ್ಮವರು ಪಕ್ಕದಲ್ಲೇ ಇದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ, "ಮಾವ್ನೋರ್ ಯಾವ್ ಕಾಲ್ ಉಳುಕಿರೋದು?" ಎಂದರು. ಎರಡೂ ಎಂದೆ. ಆಮೇಲೆ ಅವರಿಗೆ ನಿಜ ಹೇಳಿದೆ. ಮಾತ್ರೆ ತರುವ ಕೆಲಸ ನನಗಿರಲಿ ಎಂದರು.

ಸ್ಕ್ಯಾನ್‌ನಲ್ಲಿ ಗುಂಡಿಗೆ ಬಡಿಯುವುದನ್ನು ತೋರಿಸಿದರು. ಮಾತ್ರೆ ತೀರ ಚಿಕ್ಕದು, ದಿನಾ ಮಲಗುವ ಮುಂಚೆ ಒಂದು. ಇದರಿಂದ ಮತ್ತೆ ಬರುವುದಿಲ್ಲ ಎಂದು ಹೇಳಲಾರೆ, ಬರುವ ಸಂಭವ ಕಡಿಮೆ ಆಗುತ್ತದೆ, ಅಷ್ಟೇ ಎಂದರು ಡಾಕ್ಟರ್. ಬಿ.ಪಿ. ನೋಡುವ ಮೆಷಿನ್ನನ್ನು ಅಂಗನವಾಡಿಯ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ. ಈಗ ನೂರಾ ಹದಿನಾರು, ಎಪ್ಪತ್ತಾರು. ಮಾತ್ರೆ ಇವರ ಗೂಡ್ಸ್ ಆಟೋದ ಟೂಲ್ಸ್ ಡಬ್ಬದಲ್ಲಿದೆ.

ನಿನ್ನ ಜೊತೆ ಮಾತಾಡಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಬಾಯಿಗೆ ಬರಲಿಲ್ಲ. ಫೋನ್ ಸದ್ಯಕ್ಕೆ ಬೇಡ. ಕಾಗದ ಬರಿ, ಆದರೆ ನನ್ನ ಮೈ ವಿಷಯದಲ್ಲಿ ತಮಾಷೆ ಬೇಡ.

ಭಾಗ್ಯ

*

ಭೇರ್ಯ
2-9-2024

ಭಾಗಿ,

ತಮಾಷೆ ಇಲ್ಲದ ಕಾಗದ ಇದು. ನೀರು ಬಂತು. ನಾಟಿ ಆಯ್ತು. ನಿಮ್ಮವ್ವ ಚೆನ್ನಾಗವಳೆ. ಎಮ್ಮೆ ಚೆನ್ನಾಗದೆ. ನಾನೂ ಚೆನ್ನಾಗಿದ್ದೀನಿ, ಎರಡೂ ಕಾಲು.

ಇಷ್ಟು ಬರೆಯೋಕೆ ಮೂರು ದಿನ ಹಿಡೀತು.

ನಿಮ್ಮಪ್ಪ

*

ಅಂತರಸಂತೆ
24-9-2024

ಅಪ್ಪ,

ಅತ್ತೆಗೆ ಮಾತ್ರೆ ಸಿಕ್ಕಿತು. ಸ್ಪ್ಯಾನರ್ ಹುಡುಕಲು ಹೋಗಿ ಡಬ್ಬ ತೆಗೆದಿದ್ದಾರೆ. ಯಾರನ್ನೂ ಕೇಳದೆ ಸೀದಾ ಮೆಡಿಕಲ್ ಶಾಪಿನ ಸುನೀಲ್‌ಕುಮಾರ್‌ಗೆ ತೋರಿಸಿದ್ದಾರೆ. ಯಾರಿಗೆ, ಯಾಕೆ ಎಂದು ಹೇಳಿಲ್ಲ. "ಇದು ಹಾರ್ಟ್ ಪೇಷಂಟ್‌ಗೆ ಕೊಡೋದು ಕಣಮ್ಮ, ರಕ್ತ ತೆಳ್ಳಗೆ ಮಾಡ್ತದೆ" ಎಂದಿದ್ದಾನೆ. ಮನೆಗೆ ಬಂದವರೇ ಇಡೀ ಪಟ್ಟಿಯನ್ನು ಒಲೆಗೆ ಹಾಕಿದರು. "ಒಂದ್ ಮಗೀನ ಮಣ್ ಮಾಡಿದ್ದು ಸಾಲ್ದಾ? ನಿಮ್ಮಪ್ಪನ್ ಮಾತ್ ಕೇಳ್ಕಂಡು ರಕ್ತ ನೀರ್ ಮಾಡ್ಕಂತೀಯಾ?" ಎಂದರು. ನನಗೂ ಕೋಪ ಬಂತು, ನಾನೂ ಮಾತಾಡಿದೆ. ಮನೆಯಲ್ಲಿ ಯಾರೂ ಯಾರ ಜೊತೆಗೂ ಮಾತಾಡುತ್ತಿಲ್ಲ.

ನಾಲ್ಕು ದಿನದಿಂದ ಮಾತ್ರೆ ಇಲ್ಲ. ಹುಣಸೂರಿಗೆ ಹೋಗಿ ತರುತ್ತೇನೆ ಎಂದು ಇವರು ಹೊರಟರೆ ಅತ್ತೆ ಆಟೋಗೆ ಅಡ್ಡ ಕೂತರು. ಏನು ಮಾಡಲಿ?

ಭಾಗ್ಯ

*

ಭೇರ್ಯ
26-9-2024

ಚಿಕ್ಕಸಿದ್ದಮ್ಮನವರಿಗೆ ನಿಮ್ಮ ಬೀಗ ಮಾದೇವ ಕೈಮುಗಿದು ಬರೆಯೋದು.

ಅಳಿಯಂದ್ರೇ, ಇದನ್ನ ನಿಮ್ಮವ್ವಂಗೆ ಗಟ್ಟಿಯಾಗಿ ಓದಿ ಹೇಳಿ. ಮಧ್ಯದಲ್ಲಿ ನಿಮ್ಮ ಮಾತು ಸೇರಿಸಬ್ಯಾಡಿ.

ಬೀಗಿತಿಯವರೇ, ನಾನು ತೂಬಿಂದ ಬಿದ್ದಿರಲಿಲ್ಲ. ಸುಳ್ಳು ಹೇಳಿದೆ. ಅದಕ್ಕೆ ಎದುರಿಗೆ ಬಂದಾಗ ಬೈರಿ, ತಲೆ ಬಗ್ಗಿಸಿ ನಿಂತ್ಕೋತೀನಿ.

ಆ ಮಾತ್ರೆ ಹಾರ್ಟಿನದೇ ಅಂತ ಹುಡುಗ ಹೇಳಿದ್ದು ಸುಳ್ಳಲ್ಲ. ನಮ್ಮೂರ ನಂಜಣ್ಣನೂ ಅದನ್ನೇ ನುಂಗ್ತಾನೆ. ಒಂದೇ ಗುದ್ದಲೀಲಿ ಗುಂಡೀನೂ ತೋಡ್ತೀವಿ, ಬದೂನೂ ಹಾಕ್ತೀವಿ. ಡಾಕ್ಟ್ರು ಇವಳಿಗೆ ಕೊಟ್ಟಿರೋದು ಬೇರೆ ಕೆಲಸಕ್ಕೆ, ಇವಳ ಹಿಂದಿನ ಕತೆ ನೋಡಿ, ಲೆಕ್ಕ ಹಾಕಿ ಕೊಟ್ಟಿರೋದು. ಸುಮ್ಮಸುಮ್ಮನೆ ಎಲ್ಲಾ ಬಸುರಿಯರಿಗೂ ಕೊಡಲ್ಲ.

ನಿಮ್ಮ ತವರು ಸಾಲಿಗ್ರಾಮದ ಕಡೆ. ಭತ್ತದ ಸೀಮೇಲಿ ಹುಟ್ಟಿ ಬೆಳೆದೋರು ನೀವು. ಹೂಳು ತುಂಬಿದ ಕಾಲುವೆ ಮೇಲಿಂದ ನೋಡೋಕೆ ಹಸಿರಾಗೇ ಇರ್ತದೆ. ಹೋದ ವರ್ಷ ನಮ್ಮ ಭಾಗ್ಯನೂ ಆರು ತಿಂಗಳು ಅಂಗೇ ಚೆನ್ನಾಗಿದ್ದಳು. ನಾವೆಲ್ಲಾ ಮೇಲಿನ ಹಸಿರು ನೋಡಿ ಕುಂತೆವು. ಯಾರ ಕಣ್ಣೂ ಬಿದ್ದಿರಲಿಲ್ಲ. ಬೀಳಬೇಕಾದೋರ ಕಣ್ಣೇ ಬಿದ್ದಿರಲಿಲ್ಲ, ಅಷ್ಟೇ. ಕಾಲು ಊದಿದಾಗ ನೀವು ಗಂಡುಮಗು ಅಂದಿರಿ, ನಾನು ಆನೆ ಕಾಲು ಅಂದೆ. ಇಬ್ಬರೂ ಅಳತೆ ನೋಡಲಿಲ್ಲ.

ಆ ಮಗೂನ ಮಣ್ಣು ಮಾಡಿದ್ದು ನೀವು. ನಾನು ಆಸ್ಪತ್ರೇಲಿ ಇದ್ದೆ, ನಿಮ್ಮ ಮಗ ಕೃಷ್ಣಕುಮಾರ್ ಕೈಲಿ ಆಗಲಿಲ್ಲ, ನೀವೇ ಎತ್ಕೊಂಡು ಹೋದಿರಿ. ನಿಮ್ಮ ಸೀರೆ ಸೆರಗು ಹರಿದು ಸುತ್ತಿದಿರಂತೆ. ನಿಮ್ಮ ಭಯಕ್ಕೆ ನಾನು ಏನು ಹೇಳೋಕೂ ಬಾಯಿಲ್ಲ. ಒಂದೇ ಕೇಳ್ಕೋತೀನಿ. ನೀವು ದೇವರಿಗೆ ಹೇಳಿಕೊಂಡಿರೋ ಹರಕೆ ಹಂಗೇ ಇರಲಿ, ಊರಿಗೆ ಹೇಳೋದೂ ಬ್ಯಾಡ. ಮಾತ್ರೆ ಮಾತ್ರ ಬಿಡಿಸಬ್ಯಾಡಿ. ನನ್ನ ಮಾತು ಬ್ಯಾಡ, ನಾನು ಹಾಸ್ಯಗಾರ. ಸೋಮವಾರ ನೀವೇ ಹುಣಸೂರಿಗೆ ಹೋಗಿ ಡಾಕ್ಟ್ರಮ್ಮನ್ನ ಬಾಯಿಬಿಟ್ಟು ಕೇಳಿ.

ಇಂತಿ
ಮಾದೇವ

*

ಅಂತರಸಂತೆ
3-10-2024

ಅಪ್ಪ,

ಇವರು ಕಾಗದ ಓದಿ ಮುಗಿಸಿದ ಮೇಲೂ ಅತ್ತೆ ಮೊರದ ಮುಂದಿನಿಂದ ಏಳಲಿಲ್ಲ. ಅವರೆಕಾಳು ಸುಲಿಯುತ್ತಾ ಕೂತಿದ್ದರು. ಸೋಮವಾರ ಬೆಳಿಗ್ಗೆ ಹೊಸ ಸೀರೆ ಉಟ್ಟುಕೊಂಡು, "ಏಳು, ಬಸ್ ಬತ್ತದೆ" ಎಂದರು.

ಡಾಕ್ಟರ ಹತ್ತಿರ ಒಂದೇ ಪ್ರಶ್ನೆ ಕೇಳಿದರು. "ಇದನ್ನ ನುಂಗಿ ಏನಾರ ಆದ್ರೆ ನೀವ್ ಜವಾಬ್ದಾರಿನಾ ತಾಯಿ?" ಡಾಕ್ಟರ್, "ನುಂಗದೆ ಏನಾದ್ರೂ ಆದ್ರೆ ಯಾರಮ್ಮ ಜವಾಬ್ದಾರಿ?" ಎಂದರು. ವಾಪಸ್ ಬರುವಾಗ ಮಾತ್ರೆಯ ಕವರು ಅತ್ತೆಯ ಮಡಿಲಲ್ಲೇ ಇತ್ತು. ಈಗ ಮೆಷಿನ್ನು ಮನೆಗೆ ಬಂದಿದೆ, ದೇವರ ಗೂಡಿನ ಪಕ್ಕದಲ್ಲಿದೆ. ಬೆಳಿಗ್ಗೆ ಪಟ್ಟಿ ಸುತ್ತುವುದು ಅವರೇ. ಓದು ಬರುವುದಿಲ್ಲ, ಆದರೆ ಮೇಲಿನ ನಂಬರ್ ಒಂದು, ನಾಲ್ಕು ಎಂದು ಶುರುವಾದರೆ ಕೂಗಬೇಕು ಎಂದು ಆಕಾರ ನೋಡಿ ಕಲಿತುಕೊಂಡಿದ್ದಾರೆ.

ನಿನಗೆ ಹೀಗೆ ಬರೆಯಲು ಹೇಳಿದ್ದಾರೆ: "ಕಾಲ್ಗೆ ಬಟ್ಟೆ ಸುತ್ಕಂಡ್ ನಾಟ್ಕ ಆಡೋ ಬದ್ಲು ಮೊದ್ಲೇ ನನ್ ತಾವ್ ಬರ್ಬೋದಿತ್ತು. ನಾನೇನ್ ಹುಲಿನಾ?"

ಮೊನ್ನೆ ಅಂಗನವಾಡಿಗೆ ಬಂದ ಆಶಾ ಕಾರ್ಯಕರ್ತೆಗೆ ಅತ್ತೆಯೇ ಹೆಸರು ಬರೆಸಿದರು. ಐದು ತಿಂಗಳು ತುಂಬಲು ಇನ್ನೂ ಇಪ್ಪತ್ತು ದಿನ ಇತ್ತು.

ಭಾಗ್ಯ

*

ಅಂತರಸಂತೆ
6-1-2025

ಅಪ್ಪ,

ಎಂಟನೇ ತಿಂಗಳು. ಹೋದ ಸಲ ಇಷ್ಟು ದಿನ ಬಂದಿರಲಿಲ್ಲ. ಬಿ.ಪಿ. ನೂರಾ ಮೂವತ್ತೆಂಟಕ್ಕೆ ಬಂದಿದೆ. ಪಾದ ಸ್ವಲ್ಪ ಊದಿದೆ. ಅತ್ತೆ ಗಂಡುಮಗು ಎನ್ನಲಿಲ್ಲ, ಮೆಷಿನ್ನು ತಂದರು. ವಾರಕ್ಕೆ ಎರಡು ಸಲ ತೋರಿಸಲು ಹೇಳಿದ್ದಾರೆ.

ತಲೆನೋವು ಬಂದರೆ ಫೋನ್ ಮಾಡುತ್ತೇನೆ.

ಭಾಗ್ಯ

*

ಮೈಸೂರು, ಆಸ್ಪತ್ರೆ
25-1-2025

ಅಪ್ಪ,

ಇದನ್ನು ಸಿಸ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಗಂಡಸರನ್ನು ಒಳಗೆ ಬಿಡುವುದಿಲ್ಲ, ನನ್ನ ಫೋನ್ ನಮ್ಮವರ ಹತ್ತಿರ ಉಳಿದಿದೆ.

ಇವತ್ತು ಬೆಳಿಗ್ಗೆಯಿಂದ ಅವಳು ತಾನೇ ಉಸಿರಾಡುತ್ತಿದ್ದಾಳೆ. ಮೂಗಿನ ಪೈಪು ತೆಗೆದರು. ಒಂದು ಕೆ.ಜಿ. ಒಂಬೈನೂರು. ಎದೆಯ ಮೇಲೆ ಮಲಗಿಸಿಕೊಳ್ಳಲು ಕೊಟ್ಟಿದ್ದರು. ಮುಖ ನೋಡಿದೆ. ಕಿವಿ ನಿನ್ನದು, ಅಗಲ. ನನ್ನ ಬಿ.ಪಿ. ಇಳಿಯುತ್ತಿದೆ.

ಅಪ್ಪ, ಒಂದು ತಮಾಷೆ ಬರೆದು ಕಳಿಸು. ಹೊಲಿಗೆ ಹಾಕಿದ್ದಾರೆ, ತುಂಬಾ ನಗಿಸಬೇಡ.

ಭಾಗಿ

*

ಅದೇ ಆಸ್ಪತ್ರೆ, ಕೆಳಗಿನ ಮೆಟ್ಟಿಲು
25-1-2025

ಭಾಗಿ,

ಪೇಪರ್ ಸಿಗಲಿಲ್ಲ. ಡಾಕ್ಟ್ರಮ್ಮನ ಹಳೇ ಚೀಟೀಲಿ ಖಾಲಿ ಇರೋ ಜಾಗದಲ್ಲೇ ಬರೀತಾ ಇದ್ದೀನಿ, ಕಾಲುವೆ ಮಧ್ಯೆ ಮಧ್ಯೆ. ಇನ್ನು ಇದು ನನ್ನ ಜೋಬಲ್ಲಿ ಇರಬೇಕಾಗಿಲ್ಲ. ನೀನೇ ಇಟ್ಕೋ.

ನಿನ್ನ ಚೀಟಿ ಬಂದಾಗಿಂದ ಮೂರು ತಮಾಷೆ ಬರೆದು ಮೂರನ್ನೂ ಹೊಡೆದು ಹಾಕಿದೆ. ನಲವತ್ತೊಂಬತ್ತು ವರ್ಷದಲ್ಲಿ ಇಂಗಾಗಿರೋದು ಇದೇ ಮೊದಲು.

ಹೋದ ಶುಕ್ರವಾರ ನೀನು ಫೋನ್ ಮಾಡಿದಾಗ ನಾನು ಕಣದಲ್ಲಿ ಹುಲ್ಲಿನ ಮೆದೆ ಮೇಲೆ ನಿಂತಿದ್ದೆ. ನಿನ್ನ ಹೆಸರು ನೋಡಿ ಕೈಲಿದ್ದ ಹೊರೆ ಬಿಟ್ಟೆ, ಅದು ಕೆಳಗೆ ನಿಮ್ಮವ್ವನ ತಲೆ ಮೇಲೆ ಬಿತ್ತು. "ಅಪ್ಪಾ, ಮಿಂಚು" ಅಂದೆ ನೀನು. ಹದಿನಾಲ್ಕು ತಿಂಗಳಿಗೆ ನೀನು ಆಡಿದ ಮೊದಲನೇ ಮಾತು. ನಿಜ ಹೇಳ್ತೀನಿ, ಆಗಲೂ ಬಾಯಿಗೆ ಒಂದು ಬಂದಿತ್ತು. ಅದು ನನ್ನ ರೋಗ. ನುಂಗಿದೆ. "ಹೊರಡು" ಅಂದೆ. ನೀನು "ಅತ್ತೆ ಆಗ್ಲೇ ಆಂಬುಲೆನ್ಸ್‌ಗೆ ಹೇಳವ್ರೆ" ಅಂದೆ. ಅಷ್ಟೇ ಮಾತು. ಆಮೇಲೆ ಮೆದೆಯಿಂದ ಇಳಿಯೋಕೆ ಕಾಲು ಬರಲಿಲ್ಲ. ಈ ಸಲ ನಿಜವಾಗ್ಲೂ ಎರಡೂ ಕಾಲು.

ನೂರಾ ಅರವತ್ತೆರಡು ಇತ್ತಂತೆ ಆಗ. ಇನ್ನೆರಡು ಗಂಟೆ ತಡ ಆಗಿದ್ದರೆ ಅಂತ ಡಾಕ್ಟ್ರಮ್ಮ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಆರು ದಿನ ಒತ್ತಡ ತಡೆದು, ಮಗೀನ ಶ್ವಾಸಕೋಶಕ್ಕೆ ಇಂಜೆಕ್ಷನ್ ಕೊಟ್ಟು, ಆಮೇಲೆ ತೆಗೆದರು. ಹೂಳು ಪೂರ್ತಿ ಹೋಗಿರಲಿಲ್ಲ, ಇಷ್ಟು ದಿನ ನೀರು ಹರಿಯೋ ಅಷ್ಟು ಹೋಗಿತ್ತು ಅಂತ ಕಾಣ್ತದೆ ಅಂದರು. ನಮಗೆ ಅಷ್ಟೇ ತಾನೇ ಬೇಕಾಗಿದ್ದು.

ನಿಮ್ಮತ್ತೆ ಇಲ್ಲಿಗೆ ಬಂದಾಗಿಂದ ಮೆಷಿನ್ನು ಮಡಿಲಲ್ಲೇ ಇಟ್ಕೊಂಡವರೆ. ನೆನ್ನೆ ನಂಗೂ ಸುತ್ತಿ ನೋಡಿದರು. ಒಂದು, ನಾಲ್ಕು ಅಂತ ಬಂತು. "ಬೀಗ್ರೇ, ನಿಮ್ಗೂ ಬಸ್ರಿ ನಂಜು" ಅಂದುಬಿಟ್ಟರು ಮೆಟ್ಟಿಲ ಮೇಲಿದ್ದೋರೆಲ್ಲಾ ಕೇಳೋ ಹಂಗೆ. ನನ್ನ ಕೆಲಸಾನೇ ಕಿತ್ಕೊಂಡರು ನೋಡು. ಇಲ್ಲೇ ಡಾಕ್ಟ್ರಿಗೆ ತೋರಿಸಿ ನಂಗೂ ಒಂದು ಮಾತ್ರೆ ಬರೆಸವರೆ. ಮೊಮ್ಮಗಳಿಗೆ ನನ್ನ ಕಿವಿ ಬಂದಿದ್ದಕ್ಕೆ ಮಾತ್ರ ಒಂದು ಒಳ್ಳೇದು ಹೊಳೆದದೆ, ಕೇಳು. ಅಗಲ ಇದ್ದರೆ

ತಡಿ ಮಗಾ. ನಿಮ್ಮತ್ತೆ ಊಟದ ಡಬ್ಬಿ ಬಿಚ್ಚಿ ಕುಂತು ಆಗಲೇ ಎರಡು ಸಲ ಕೂಗಿದರು. "ಬೀಗ್ರೇ, ಮುದ್ದೆ ಆರೋಯ್ತದೆ! ಬರ್ದಿದ್ ಸಾಕು, ಮೊದ್ಲು ಉಣ್ ಬನ್ನಿ, ನಿಮ್ ಬಿ.ಪಿ. ಮಾತ್ರೆ ನುಂಗ್ಬೇಕು!"

ಆ ತಮಾಷೆ ಹೊಲಿಗೆ ಬಿಚ್ಚೋವರೆಗೂ ಜೋಬಲ್ಲಿರಲಿ. ಚೀಟಿ ಇದ್ದ ಜಾಗ ಈಗ ಖಾಲಿ ಅದೆ.

ಅಪ್ಪ